ಒಂದು ಕೈಯ ಮಾತು

ನಮ್ಮ ಮನೆಗೆ ಹೊಸ ಟ್ಯಾಬ್ ಬಂದ ದಿನ ಎಲ್ಲರೂ ಬಾಯಿಗೆ ಸಕ್ಕರೆ ಹಾಕಿಕೊಂಡರು. ನಾನೊಬ್ಬಳೇ ಮುಖ ಊದಿಸಿಕೊಂಡು ಒಲೆಯ ಮುಂದೆ ಕೂತಿದ್ದೆ. ಕಾರಣ ದೊಡ್ಡದೇನಲ್ಲ, ನನ್ನನ್ನು ಕೇಳದೆ ತಂದಿದ್ದರು. ಈ ಮನೆಗೆ ಉಪ್ಪಿನಿಂದ ಹಿಡಿದು ಉಡಿದಾರದವರೆಗೆ ನನ್ನನ್ನು ಕೇಳದೆ ಏನೂ ಬರುವುದಿಲ್ಲ. ಅಂಥದ್ದರಲ್ಲಿ ಭೀಮರಾಯನಗುಡಿಯ ಕಚೇರಿಯಿಂದ ಬರುವಾಗ ನಮ್ಮ ಯಜಮಾನರು ಶಹಾಪುರದಲ್ಲಿ ಇಳಿದು, ಚಾಂದಪಾಶಾನ ಮೊಬೈಲ್ ಅಂಗಡಿಗೆ ಹೋಗಿ, ಅವನು ಕೊಟ್ಟಿದ್ದನ್ನು ಕಣ್ಣು ಮುಚ್ಚಿ ತಂದುಬಿಟ್ಟಿದ್ದರು.

"ಏನದು, ರೊಟ್ಟಿ ಬಡಿಯೋ ಕಲ್ಲು ತಂದೀರೇನು?" ಎಂದೆ.

"ಟ್ಯಾಬ್ ಅದು. ಪಂಚಶೀಲಾಗ. ನಾಕು ಸ್ಪೀಕರ್ ಅದಾವಂತ."

"ಶಾಣ್ಯಾ ಅದೀರಿ ಬಿಡ್ರಿ! ಕಿವಿ ಕೇಳದ ಹುಡುಗಿಗಿ ನಾಕು ಸ್ಪೀಕರ್! ಬೋಳ ತಲಿಗಿ ಬಾಚಣಿಕಿ ತಂದಂಗಾತು."

ಪಂಚಶೀಲಾ ನನ್ನ ನಾದಿನಿ, ಯಜಮಾನರ ಒಬ್ಬಳೇ ತಂಗಿ. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಬರಲಿಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ನಾನು ಸೊಸೆಯಾಗಿ ದೋರನಹಳ್ಳಿಗೆ ಬಂದ ಮೊದಲ ವಾರವೇ ಆಕೆ ನನಗೊಂದು ಹೆಸರಿಟ್ಟಳು. ಬಾಯಿಯ ಮುಂದೆ ಅಂಗೈಯಿಂದ ಗಾಳಿ ಬೀಸಿಕೊಳ್ಳುವುದು, ಅಂದರೆ ಹಸಿಮೆಣಸಿನಕಾಯಿ. ಅತ್ತೆ ಅಯ್ಯಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು. ಅವತ್ತೇ ನಾನು ಹಟಕ್ಕೆ ಬಿದ್ದು ಆಕೆಯ ಕೈಮಾತು ಕಲಿತೆ, ತಿರುಗಿ ಬೈಯಬೇಕಲ್ಲ! ಅತ್ತಿಗೆ ನಾದಿನಿ ಹಾವು ಮುಂಗುಸಿ ಎನ್ನುತ್ತಾರೆ ಜನ. ನಮ್ಮಿಬ್ಬರ ಜಗಳಕ್ಕೆ ಸದ್ದಿಲ್ಲ, ಅದಕ್ಕೇ ಇರಬೇಕು, ಪ್ರೀತಿ ಹೆಚ್ಚಾಯಿತು.

ಹಳೆಯ ಟ್ಯಾಬ್ ಮನೆಗೆ ಬಂದದ್ದು ಆಕೆಯ ಹೊಲಿಗೆಯ ಕಾರಣಕ್ಕೆ. ಭೀಮರಾಯನಗುಡಿಯ ಕೃಷಿ ಕಾಲೇಜಿನ ಮೇಡಂಗಳ ಬ್ಲೌಸುಗಳೆಲ್ಲ ಪಂಚಶೀಲಾಳ ಮಷೀನಿಗೇ ಬರುತ್ತಿದ್ದವು. ಅವರಲ್ಲೊಬ್ಬರು ವರ್ಗವಾಗಿ ಹೋಗುವಾಗ, "ಡಿಸೈನ್ ನೋಡಿಕೋ" ಎಂದು ತಮ್ಮದನ್ನೇ ಕೊಟ್ಟುಹೋದರು. ತನ್ನ ಕಾಲದಲ್ಲಿ ಹಿಂಡುವ ಎಮ್ಮೆಯ ಬೆಲೆ ಬಾಳುತ್ತಿದ್ದ ವಸ್ತುವಂತೆ. ಚಿಕ್ಕದು, ಕೈ ಅಗಲಿಸಿದರೆ ಬೆರಳುಗಳಲ್ಲಿ ಸಿಕ್ಕಿಬಿಡುತ್ತಿತ್ತು. ಬೆನ್ನು ಲೋಹದ್ದು, ಏಪ್ರಿಲ್ ತಿಂಗಳಲ್ಲೂ ತಣ್ಣಗಿರುತ್ತಿತ್ತು. ಅದರೊಳಗೆ ಗಿಳಿಹಸಿರು ಗಿಳಿಹಸಿರಾಗಿಯೇ ಕಾಣುತ್ತಿತ್ತು, ಕುಂಕುಮ ಕುಂಕುಮವಾಗಿಯೇ. ವಯಸ್ಸಾಗಿದ್ದರಿಂದ ಚಾರ್ಜು ನಿಲ್ಲುತ್ತಿರಲಿಲ್ಲ, ಮುದುಕರ ಹಾಗೆ ಆಗಾಗ ತೂಕಡಿಸುತ್ತಿತ್ತು, ಅಷ್ಟೇ.

ಆ ಟ್ಯಾಬಿನಲ್ಲೇ ಹಣಮೇಶ ನಮ್ಮ ಮನೆಗೆ ಬಂದದ್ದು. ಅವನು ಸುರಪುರದ ಹುಡುಗ, ಸುಲ್ತಾನಸಾಬರ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಅವನಿಗೂ ಕಿವಿ ಕೇಳುವುದಿಲ್ಲ. ಆದರೆ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಿವುಡ ಮಕ್ಕಳ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು, ಅಲ್ಲಿ ಕಲಿಸುವ ಕೈಭಾಷೆ ಚೆನ್ನಾಗಿ ಬಲ್ಲವನು. ನಮ್ಮ ಹುಡುಗಿಯದೋ ಮನೆಯಲ್ಲಿ ಬೆಳೆದ ಮಾತು. ಹೆಣ್ಣು ನೋಡಲು ಬಂದ ದಿನ ಇಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತ ಕೂತರು, ಮುಖ ನೋಡಲೇ ಇಲ್ಲ ಎಂದು ಅತ್ತೆಗೆ ಚಿಂತೆಯಾಗಿತ್ತು. ಮರುದಿನ ಹುಡುಗನ ತಾಯಿ ಮರಿಲಿಂಗಮ್ಮ ಫೋನ್ ಮಾಡಿ, "ನಮ್ಮ ಹುಡುಗ ಊಟ ಬಿಟ್ಟಾನ್ರಿ, ಲಗೂನ ಹೂಂ ಅನ್ರಿ" ಎಂದರು. ಹೂಂ ಎಂದೆವು. ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ನಿಶ್ಚಯ ಎಂದು ಮಾತಾಯಿತು.

ಅಲ್ಲಿಂದ ಮುಂದೆ ಪ್ರತಿ ಸಂಜೆ ಪಂಚಶೀಲಾ ಮಷೀನಿನ ಪಕ್ಕ ಗೋಡೆಗೆ ಒರಗಿ ಕೂರುತ್ತಿದ್ದಳು. ಎಡಗೈಯಲ್ಲಿ ಟ್ಯಾಬ್, ಬಲಗೈಯಲ್ಲಿ ಮಾತು. ಅವನೂ ಅಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಮಾತಾಡುತ್ತಿದ್ದ. ಟ್ಯಾಬಿನ ಬೆನ್ನು ನಮ್ಮ ಕಡೆಗಿರುತ್ತಿತ್ತು, ಆಕೆಯ ಬಲಗೈ ಅದರ ಮರೆಯಲ್ಲಿ. ನಮಗೆ ಕಾಣುತ್ತಿದ್ದುದು ಆಕೆಯ ಮುಖ ಮಾತ್ರ. ಅಯ್ಯೋ, ಆ ಮುಖ! ಹಿಟ್ಟು ನಾದುತ್ತ ನಾನು ಅದನ್ನೇ ನೋಡುತ್ತಿದ್ದೆ, ರೊಟ್ಟಿ ಸೀಯುತ್ತಿದ್ದವು. ಸೀದದ್ದನ್ನು ಯಜಮಾನರ ತಾಟಿಗೆ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಆ ಟ್ಯಾಬಿನಲ್ಲಿ ಕರೆ ಮಾಡುವ ಆ್ಯಪ್ ನಿಂತುಹೋಯಿತು. ಹೊಸದು ಹಾಕಿಕೋ ಎನ್ನುತ್ತಿತ್ತು, ಹಾಕಹೋದರೆ ನಿನ್ನ ಟ್ಯಾಬಿಗೆ ವಯಸ್ಸಾಗಿದೆ ಎನ್ನುತ್ತಿತ್ತು. ಹೀಗಾಗಿ ಯಜಮಾನರು ಆ ರೊಟ್ಟಿಕಲ್ಲು ತಂದದ್ದು.

ಹೊಸದು ಅಗ್ಗದ್ದು, ಆದರೆ ದೊಡ್ಡದು. ಬೆನ್ನು ಪ್ಲಾಸ್ಟಿಕ್ಕಿನದು, ಸ್ವಲ್ಪ ಹೊತ್ತು ಹಿಡಿದರೆ ಅಂಗೈ ಬೆವರುತ್ತಿತ್ತು. ಚಾರ್ಜು ಎರಡು ದಿನಕ್ಕೂ ಇಳಿಯುತ್ತಿರಲಿಲ್ಲ. ಎಲ್ಲ ಆ್ಯಪ್‌ಗಳೂ ಓಡುತ್ತಿದ್ದವು, ಆದರೆ ಮಸುಕು ಮಸುಕಾಗಿ. ಅತ್ತೆ ಕನ್ನಡಕ ಏರಿಸಿ ನೋಡಿ, "ಇದರಾಗ ನಮ್ಮ ಹುಡುಗಿ ಬೂದಿ ಬಡದಂಗ ಕಾಣಸ್ತಾಳಲ್ಲೋ" ಎಂದರು. ಒಂದು ಕೈಯಲ್ಲಿ ಹಿಡಿದರೆ ಮಣಿಕಟ್ಟು ಸೋಲುತ್ತಿತ್ತು. ಅದಕ್ಕೇ ಪಂಚಶೀಲಾ ಅದನ್ನು ಮಷೀನಿನ ಮೇಲೆ ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು, ತಾನು ಎದುರಿಗೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಎರಡೂ ಕೈ ಖಾಲಿಯಾದವು.

ಅದರೊಳಗೆ ಕೈಭಾಷೆ ಕಲಿಸುವ ವಿಡಿಯೋಗಳು ಸಿಕ್ಕಿದವು. ಆಕೆ ಹಗಲೆಲ್ಲ ಹೊಲಿಯುತ್ತ ಅವನ್ನೇ ನೋಡಿ, ಎರಡು ಕೈಯ ಶಾಲೆಯ ಮಾತು ಕಲಿಯತೊಡಗಿದಳು. ನನಗೂ ಮಾಡಿ ತೋರಿಸಿದಳು. "ಅವನ ಸಲುವಾಗಿ ಸರಿಯಾಗಿ ಕಲಿಬೇಕು ವೈನಿ. ನಾ ಹಳ್ಳಿ ಹುಡುಗಿ ಅನ್ನಬಾರದು" ಎಂದಳು. ಕೈಯಲ್ಲಿ ಹೇಳಿದ್ದನ್ನು ನಾನು ನನ್ನ ಬಾಯಿಯ ಮಾತಿನಲ್ಲಿ ಬರೆಯುತ್ತಿದ್ದೇನೆ, ಆಕೆಯ ಕೈ ಇದಕ್ಕಿಂತ ಚೆಂದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಯಜಮಾನರಿಗೆ ಅವತ್ತು ಸೀಯದ ರೊಟ್ಟಿ ಕೊಟ್ಟೆ.

ಅಲ್ಲಿಂದಲೇ ಕೆಟ್ಟಿತು. ಸಂಜೆಯ ಮಾತು ದಿನದಿನಕ್ಕೆ ಗಿಡ್ಡವಾಯಿತು. ಹಣಮೇಶ ಕೆಲಸ ಇದೆ ಎನ್ನುತ್ತಿದ್ದ, ತಲೆನೋವು ಎನ್ನುತ್ತಿದ್ದ. ಆಮೇಲೆ ಕರೆಯನ್ನೇ ಎತ್ತಲಿಲ್ಲ. ಪಂಚಶೀಲಾ ದಾರದ ಡಬ್ಬಿಯ ಮುಂದೆ ಜಡೆ ಹೆಣೆದುಕೊಂಡು ಕೂತೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಮರಿಲಿಂಗಮ್ಮನ ಫೋನ್ ಬಂತು, ನಾನೇ ಎತ್ತಿದೆ.

"ಹ್ಯಾಂಗ ಹೇಳ್ಬೇಕೋ ತಿಳಿವಲ್ದವ್ವಾ. ಹುಡುಗ ಒಲ್ಲೆ ಅಂತಾನ."

"ಒಲ್ಲೆ ಅಂದ್ರ? ಬದನಿಕಾಯಿ ಒಲ್ಲೆ ಅಂದಂಗೇನ್ರಿ? ಏನ್ ಕಾರಣ?"

"ಕಾರಣ ಕೇಳಿದ್ರ ಎರಡೂ ಕೈ ತೋರಸ್ತಾನ, ಸುಮ್ಮ ಕೂಡ್ತಾನ. 'ಆಕಿಗಿ ನಾ ಬ್ಯಾಡ' ಅಂತ ಬರದು ತೋರಿಸ್ಯಾನ. ನಾವರ ಏನ್ ಮಾಡೂಣು? ನನಗೂ ಜೀವ ಹೋದಂಗ ಆಗ್ಯದ."

ಆಕೆ ಅಳುತ್ತಿದ್ದರು, ಹಾಗಾಗಿ ನಾನು ಬೈಯಲಿಲ್ಲ. ಫೋನ್ ಇಟ್ಟ ಮೇಲೆ ಮನೆಯಲ್ಲಿ ತಲೆಗೊಂದು ಮಾತಾಯಿತು. ಎರಡು ಕೈಯೆಂದರೆ ಹತ್ತು ಬೆರಳು, ಹತ್ತು ತೊಲೆ ಬಂಗಾರ ಕೇಳುತ್ತಿದ್ದಾನೇನೋ ಎಂದು ಅತ್ತೆ. ಯಾರೋ ಚಾಡಿ ಹೇಳಿದ್ದಾರೆ ಎಂದು ಯಜಮಾನರು. "ನಮ್ಮ ಹುಡುಗಿ ಅವಗ ಯಾವಾಗ ಬ್ಯಾಡ ಅಂದಾಳ? ಅವನ ಸಲುವಾಗಿ ಭಾಷಾನೇ ಕಲಿತಾಳ!" ಎಂದು ನಾನು ಗೋಡೆಗೆ ಕೂಗಿದೆ.

ಪಂಚಶೀಲಾಳಿಗೆ ಮುಚ್ಚಿಡಲಾಗಲಿಲ್ಲ. ಆಕೆ ಮುಖ ಓದುವವಳು, ನನ್ನ ಮುಖವಂತೂ ಹಲಗೆಯ ಮೇಲೆ ಬರೆದ ಹಾಗೆ. ಅವತ್ತು ಒಂದು ಬ್ಲೌಸಿಗೆ ತೋಳು ತಿರುಗಾಮುರುಗಾ ಹಚ್ಚಿದಳು, ಬಿಚ್ಚಿದಳು, ಮತ್ತೆ ಹಾಗೇ ಹಚ್ಚಿದಳು. ಆಮೇಲೆ ನನ್ನ ಬಳಿ ಬಂದು ತನ್ನ ಕೆನ್ನೆ ಮುಟ್ಟಿ ತೋರಿಸಿ ಕೇಳಿದಳು: "ವೈನಿ, ದೊಡ್ಡ ಟ್ಯಾಬ್‌ನಾಗ ನಾ ಭಾಳ ಕರ್ರಗ ಕಾಣ್ತೀನೇನು?"

ಹಳೆಯದು, ಹೊಸದು, ಎರಡೂ ಟ್ಯಾಬನ್ನು ಚೀಲಕ್ಕೆ ತುಂಬಿಕೊಂಡು ಶಹಾಪುರದ ಬಸ್ಸು ಹತ್ತಿದೆ.

ಚಾಂದಪಾಶಾ ನನ್ನನ್ನು ಕಂಡೊಡನೆ ಸ್ಟೂಲು ಒರೆಸಿದ. "ಬರ್ರಿ ಅಕ್ಕಾ, ಚಾ ಹೇಳ್ಲೇನ್ರಿ?"

"ಚಾ ಗೀ ಆಮ್ಯಾಲ. ಎಂಥಾ ಮಾಲ್ ಮಾರೀಯೋ ಚಾಂದಭಾಯ್? ಇದರಾಗ ನಮ್ಮ ಹುಡುಗಿ ಬೂದಿ ಬಡದಂಗ ಕಾಣ್ತಾಳ, ಹುಡುಗ ಒಲ್ಲೆ ಅಂತ ಕುಂತಾನ. ಈ ಹಳೇದನ್ನ ನಡಸಿ ಕೊಡು. ಕೊಡೂತನಕ ಎದ್ದೇಳಂಗಿಲ್ಲ ನಾ."

ಅವನು ಎರಡನ್ನೂ ಗಾಜಿನ ಕೌಂಟರಿನ ಮೇಲೆ ಅಕ್ಕಪಕ್ಕ ಮಲಗಿಸಿದ. ಎರಡರಲ್ಲೂ ಪಂಚಶೀಲಾಳ ಒಂದೇ ಫೋಟೋ ತೆರೆದ. ನಿಜ, ಹಳೆಯದರಲ್ಲಿ ಆಕೆಯ ಗಲ್ಲದ ಮೇಲಿನ ಹಚ್ಚೆಯ ಚುಕ್ಕೆ ಸಹ ಕಾಣುತ್ತಿತ್ತು, ಹೊಸದರಲ್ಲಿ ಅದು ಕಲೆಯಂತಿತ್ತು. ಆಮೇಲೆ ಎರಡರಲ್ಲೂ ಕರೆ ಮಾಡಿ ನೋಡಿದ. ಹೊಸದು ಚಕ್ಕನೆ ಹತ್ತಿತು. ಹಳೆಯದು ಗಿರಗಿರ ತಿರುಗಿ ನಿಂತಿತು.

"ಖರೇ ಹೇಳ್ತೀನಿ ಅಕ್ಕಾ. ಈ ಹಳೇದು ಅರಬಿ ಕುದುರಿ, ಮುದಿ ಆಗ್ಯದ. ಹೊಸಾದು ಹರೇದ ಕತ್ತೆ. ಚೆಲುವಿಕಿ ನೋಡಿದ್ರ ಕುದುರಿ ಚಲೋ, ದಿನಾ ಹೊರಿ ಹೊರಾಕ ಕತ್ತೇನೇ ಬೇಕು. ಕುದುರಿ ಮೈಯಾಗ ಏನೂ ಕೆಟ್ಟಿಲ್ಲ, ಕಂಪನಿಯವ್ರು ಅದರ ರೇಷನ್ ಬಂದ್ ಮಾಡಿಬಿಟ್ಟಾರ. ನಾ ಏನ್ ಮಾಡ್ಲಿ?"

"ಮತ್ತ ನಮ್ಮ ಹುಡುಗಿ ಗತಿ?"

ಅವನು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಅವನ ಬಾಯಲ್ಲಿ ಬರುವ ನೂರು ಮಾತಿನಲ್ಲಿ ತೊಂಬತ್ತು ವ್ಯಾಪಾರದವು, ಉಳಿದವು ಬುದ್ಧಿಯವು. "ಹುಡುಗಿ ಮಾರಿ ನೋಡಿ ಒಲ್ಲೆ ಅನ್ನಾವಾಗಿದ್ರ, ನಿಮ್ಮ ಮನಿಗಿ ಬಂದು ನೋಡಿದ ದಿನಾನೇ ಅಂತಿದ್ದ. ಟ್ಯಾಬ್ ಮ್ಯಾಲ ಯಾಕ ಕೇಸ್ ಹಾಕ್ತೀರಿ ಅಕ್ಕಾ? ಇಬ್ರನ್ನೂ ಎದುರಾಎದುರ ಕುಂದ್ರಸ್ರಿ. ನಡುವ ಗಾಜ ಬ್ಯಾಡ."

ಚಹಾ ಕುಡಿದೇ ಬಂದೆ. ಮನೆಗೆ ಬಂದು, ನಾಳೆ ನಾನೂ ಪಂಚಶೀಲಾಳೂ ಸುರಪುರಕ್ಕೆ ಹೋಗುತ್ತೇವೆ ಎಂದೆ. ಅತ್ತೆ ಎದೆ ಮುಟ್ಟಿಕೊಂಡರು.

"ಲಗ್ನಕ್ಕಿಂತ ಮೊದ್ಲ ಹೆಣ್ಣು ಗಂಡಿನ ಊರಿಗಿ ಹೋಗೂದೇನು? ಅದೂ ಒಲ್ಲೆ ಅಂದ ಮ್ಯಾಲ? ಊರ ಬಾಯಿಗಿ ಬೀಳ್ತೀರಿ."

"ಊರ ಬಾಯಿ ಹೊಲಿಯಾಕ ನಮ್ಮ ಮನ್ಯಾಗ ಟೇಲರ್ ಅದಾಳ ಬಿಡ್ರಿ ಅತ್ತಿ. ಅಂಗಡಿ ಬೋರ್ಡ್ ಮಾಡಸಾಕ ಹೊಂಟೀವಿ ಅನ್ರಿ. ಸುರಪುರದಾಗ ಫ್ಲೆಕ್ಸ್ ಅಗ್ಗ ಅನ್ರಿ."

ಅತ್ತೆ, "ಹಂಗಂದ್ರ ಆ ಹಸರ ಸೀರಿ ಉಟಗೊಂಡು ಹೋಗ್ಲಿ, ಅದು ಆಕಿಗಿ ಒಪ್ತದ" ಎಂದರು.

ಬಸ್ಸಿನಲ್ಲಿ ಪಂಚಶೀಲಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಕೈಗಳೆರಡೂ ಮಡಿಲಲ್ಲಿ ಸುಮ್ಮನಿದ್ದವು. ಆಕೆಯ ಕೈ ಸುಮ್ಮನಿದ್ದರೆ ನನಗೆ ಮನೆಯಲ್ಲಿ ಯಾರೋ ಬಾಯಿ ಬಿಡದೆ ಮುನಿಸಿಕೊಂಡ ಹಾಗೆ ಅನ್ನಿಸುತ್ತದೆ. ಭೀಮರಾಯನಗುಡಿ ದಾಟಿದ ಮೇಲೆ ಕೈಯೆತ್ತಿ ಕೇಳಿದಳು: "ಅವ ಮಾರಿ ತಿರುಗಿಸಿದ್ರ?" ನಾನು ಹೇಳಿದೆ: "ತಿರುಗಿಸಿದ್ರ ನಾ ಅವನ ಕುತ್ತಿಗಿ ತಿರುಗಿಸ್ತೀನಿ." ಆಕೆಗೆ ನಗು ಬರಲಿಲ್ಲ. ಖರೇ ಹೇಳಬೇಕೆಂದರೆ ನನಗೂ ಭಯವಾಗಿತ್ತು.

ಸುಲ್ತಾನಸಾಬರ ಅಂಗಡಿ ಬಜಾರದಲ್ಲೇ ಇತ್ತು. ಒಳಗೆ ಪ್ರಿಂಟ್ ಮಷೀನು ಗರಗರ ಎಂದು ಯಾರದೋ ಹುಟ್ಟುಹಬ್ಬದ ಮುಖವನ್ನು ಮೊಳ ಮೊಳವಾಗಿ ಹೊರಗೆ ಬಿಡುತ್ತಿತ್ತು. ಸಾಬರು ಕಂಪ್ಯೂಟರಿನ ಮುಂದೆ ಕೂತು, "ಏನ್ ಬೇಕ್ರಿ?" ಎಂದು ಕೂಗಿದರು. ನಾನು, "ಬೋರ್ಡು! ಟೇಲರಿಂದು!" ಎಂದು ಕೂಗಿದೆ. ಹಣಮೇಶ ನೆಲದ ಮೇಲೆ ಫ್ಲೆಕ್ಸ್ ಹಾಸಿಕೊಂಡು ಅಂಚಿಗೆ ಹಗ್ಗ ಕಟ್ಟುವ ರಿಂಗು ಹೊಡೆಯುತ್ತಿದ್ದ. ನಮ್ಮ ನೆರಳು ಬಿದ್ದು ತಲೆಯೆತ್ತಿದ. ಸುತ್ತಿಗೆ ಕೈಯಲ್ಲೇ ಉಳಿಯಿತು.

ಮುಖ ತಿರುಗಿಸಲಿಲ್ಲ. ಸುತ್ತಿಗೆ ಇಟ್ಟು ಎದ್ದು ನಿಂತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಕಣ್ಣ ಕೆಳಗೆ ಕಪ್ಪಾಗಿತ್ತು, ಇಳಿದುಹೋಗಿದ್ದ. ಒಲ್ಲೆ ಅಂದವನ ಮುಖ ಅದಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಆ ಗದ್ದಲದಲ್ಲಿ ನಾನೂ ಸಾಬರೂ ಗಂಟಲು ಹರಿದುಕೊಳ್ಳುತ್ತಿದ್ದೆವು, ಅವರಿಬ್ಬರಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಪಂಚಶೀಲಾ ಎರಡೂ ಕೈಯೆತ್ತಿ, ವಿಡಿಯೋದಲ್ಲಿ ಕಲಿತ ಹಾಗೆ ಚೊಕ್ಕವಾಗಿ ಕೇಳಿದಳು: "ನಾ ಏನ್ ತಪ್ಪು ಮಾಡೀನಿ?"

ಅವನು ಬಲಗೈ ಒಂದನ್ನೇ ಆಡಿಸಿದ. "ಏನೂ ಇಲ್ಲ."

"ಮತ್ಯಾಕ ಒಲ್ಲೆ ಅಂದಿ?"

ಹಣಮೇಶ ಆಕೆಯ ಕೈಗಳನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಎರಡು ಅಂಗೈಗಳ ತುದಿ ಕೂಡಿಸಿ ಸೂರಿನ ಹಾಗೆ ಓರೆಯಾಗಿ ಹಿಡಿದ. ಮನೆ. ಅದು ಯಾರಿಗಾದರೂ ತಿಳಿಯುವ ಮಾತು. "ಈಗ ನೀ ಮನಿ ಹಿಂಗ ಕಟ್ಟತಿ. ಪೂರಾ ನೀನೇ ಕಟ್ಟತಿ" ಎಂದ. ಮತ್ತೆ ಕೈ ಬಿಡಿಸಿ, ಎಡಗೈಯನ್ನು ಜೇಬಿಗೆ ತುರುಕಿದ. ಬಲ ಅಂಗೈ ಒಂದೇ ಗಾಳಿಯಲ್ಲಿ ಓರೆಯಾಗಿ ನಿಂತಿತು, ಅರ್ಧ ಸೂರು. "ಮೊದ್ಲ ಇಷ್ಟ ಕಟ್ಟತಿದ್ದಿ. ಉಳಿದ ಅರ್ಧ ನಾ ಕಟ್ಟತಿದ್ದೆ."

ಆಗ ನನಗೆ ತಿಳಿಯಿತು, ಆ ತಿಂಗಳುಗಳೆಲ್ಲ ಟ್ಯಾಬಿನ ಬೆನ್ನಿನ ಆಚೆ ಏನು ನಡೆದಿತ್ತು ಎಂದು. ಚಿಕ್ಕ ಟ್ಯಾಬು ಎಡಗೈಯನ್ನು ಹಿಡಿದಿಟ್ಟಿದ್ದರಿಂದ ಈ ಹುಡುಗಿ ಎರಡು ಕೈಯ ಮಾತನ್ನೆಲ್ಲ ಅರ್ಧ ಮಾಡಿಕೊಂಡಿದ್ದಳು. ಅವನೂ ಫೋನ್ ಹಿಡಿದವನು, ಅವನಿಗೂ ಒಂದೇ ಕೈ. 'ನಮ್ಮ ಮನೆ' ಎನ್ನುವಾಗ ಆಕೆ ದೋರನಹಳ್ಳಿಯಿಂದ ಒಂದು ಅಂಗೈ ಗಾಜಿನ ಹತ್ತಿರ ಹಿಡಿದರೆ, ಅವನು ಸುರಪುರದಿಂದ ತನ್ನದನ್ನು ಎದುರು ಒರಗಿಸುತ್ತಿದ್ದ. ಊಟ, ಹಬ್ಬ, ಹುಟ್ಟಲಿರುವ ಮಕ್ಕಳು, ಎಲ್ಲವನ್ನೂ ಇಬ್ಬರೂ ಅರ್ಧರ್ಧ ಮಾತಾಡಿ ಪೂರಾ ಮಾಡುತ್ತಿದ್ದರು. ದೊಡ್ಡ ಟ್ಯಾಬು ಡಬ್ಬಿಗೆ ಒರಗಿತು, ಆಕೆಯ ಎರಡೂ ಕೈ ಬಿಡುವಾದವು, ಆಕೆ ಒಬ್ಬಳೇ ಮನೆ ಕಟ್ಟಿ ತೋರಿಸಿದಳು. ಅಲ್ಲಿ ಇವನು ಅಂಗೈ ಎತ್ತಿಕೊಂಡು, ಎಲ್ಲಿ ಒರಗಿಸಬೇಕು ತಿಳಿಯದೆ ಕೂತಿದ್ದನಂತೆ.

"ಹಾಸ್ಟೆಲ್‌ನಾಗ ಎಲ್ಲಾರ ಕೂಡ ಎರಡು ಕೈಲೆ ಮಾತಾಡ್ತಿದ್ದೆ. ಹಾದ್ಯಾಗ ಸಿಕ್ಕವರ ಕೂಡನೂ ಅದೇ. ಒಂದು ಕೈ ಮಾತು ನಿನ್ನ ಕೂಡ ಅಷ್ಟೇ ಇತ್ತು" ಎಂದ ಹಣಮೇಶ. "ನೀ ಅದನ್ನ ಬಿಟ್ಟಿ. ನನ್ನೂ ಬಿಟ್ಟಿ ಅಂತ ತಿಳಕೊಂಡೆ."

ನಿನ್ನೆಯವರೆಗೆ 'ಲೇ' ಎನ್ನುತ್ತಿದ್ದವಳು ಇವತ್ತು 'ಬರ್ರಿ, ಕೂಡ್ರಿ' ಎಂದರೆ ಯಾರಿಗಾದರೂ ಎದೆ ಒಡೆಯುತ್ತದೆ. ಹುಚ್ಚ ಖೋಡಿ, ಕೇಳಬಾರದಿತ್ತೇ? ಬೈಯಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಪಂಚಶೀಲಾಳೇ ಮುಂದೆ ಬಂದಳು.

ಪಂಚಶೀಲಾ ಅಳುತ್ತಲೇ ಅವನ ತೋಳಿಗೆ ಒಂದು ಗುದ್ದಿದಳು. "ಹುಚ್ಚಾ! ನಿನ್ನ ಸಾಲಿ ಮಾತು ಕಲಿತು ನಿನಗ ಖುಷಿ ಮಾಡಬೇಕಂತ ಮಾಡಿದ್ದೆ" ಎಂದಳು. ಅದನ್ನೂ ಎರಡೂ ಕೈಯಲ್ಲೇ ಹೇಳಿದ್ದು ಗೊತ್ತಾಗಿ, ನಡುವೆಯೇ ನಿಲ್ಲಿಸಿದಳು. ಎಡಗೈಯನ್ನು ಬೆನ್ನ ಹಿಂದೆ ಒಯ್ದು, ಹಸಿರು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಲ ಅಂಗೈಯನ್ನು ಅವನ ಎದುರಿಗೆ ಓರೆಯಾಗಿ ಎತ್ತಿದಳು. ಇಳಿಸಲಿಲ್ಲ.

ಅವನು ಅಂಗಡಿಯ ಬಾಗಿಲ ಕಡೆ ನೋಡಿದ. ಹೊರಗೆ ತುಂಬಿದ ಬಜಾರು. ನನ್ನ ಕಡೆ ನೋಡಿದ. ಸಾಬರು ಕಂಪ್ಯೂಟರು ಬಿಟ್ಟು ಕುತ್ತಿಗೆ ಚಾಚಿದ್ದರು. "ಏನ್ ನೋಡಾಕತ್ತೀರಿ ಸಾಬ್ರ? ಮಷೀನ್ ಕಡಿ ನೋಡ್ರಿ!" ಎಂದು ಕೂಗಿದೆ. ಅವರು ತಿರುಗಿ ಕೂತರು. ನಾನೂ ಬಾಗಿಲಿಗೆ ಅಡ್ಡ ನಿಂತು ಬೀದಿಗೆ ಮುಖ ಮಾಡಿದೆ, ಆದರೆ ಕಣ್ಣು ಹಿಂದೆಯೇ ಇತ್ತು, ನಾನೇನು ದೇವರಲ್ಲ.

ಹಣಮೇಶ ತನ್ನ ಅಂಗೈ ತಂದು ಆಕೆಯ ಅಂಗೈಗೆ ಒರಗಿಸಿದ. ಇಷ್ಟು ದಿನ ಇಬ್ಬರಿಗೂ ತಗುಲಿದ್ದು ತಣ್ಣನೆಯ ಗಾಜು ಮಾತ್ರ. ಬಿಸಿ ತಾಗಿದೊಡನೆ ಇಬ್ಬರೂ ಬೆಚ್ಚಿದರು. ಯಾರೂ ಕೈ ತೆಗೆಯಲಿಲ್ಲ.